ಹಬ್ಬದ ರಜೆಯೂ ಕಸಬು ಕಲಿತ ಕೈಯೂ

ಮುಂಬಯಿ ನಗರದಲ್ಲಿ ವರ್ಷಕ್ಕೆ ಎರಡು ಸಲ ದಾನದ ಸುಗ್ಗಿ ಬರುತ್ತದೆ. ಒಂದು ದೀಪಾವಳಿಯ ರಜೆಯ ಕಾಲ. ಇನ್ನೊಂದು ಕ್ರಿಸ್ಮಸ್ಸಿನಿಂದ ಹೊಸ ವರ್ಷದವರೆಗಿನ ವಾರ. ಆ ದಿನಗಳಲ್ಲಿ ಕಟ್ಟಡಗಳ ಬಾಗಿಲಲ್ಲಿ ರಟ್ಟಿನ ಪೆಟ್ಟಿಗೆಗಳನ್ನಿರಿಸಿ ಹಳೆಯ ಬಟ್ಟೆ, ಆಟಿಕೆ, ಪುಸ್ತಕಗಳನ್ನು ಕೂಡಿಸುತ್ತಾರೆ. ಶಾಲೆಗಳಲ್ಲಿ ಮಕ್ಕಳಿಂದ ಅಕ್ಕಿ, ಸಕ್ಕರೆ, ಸಾಬೂನುಗಳನ್ನು ತರಿಸಿ ಅನಾಥಾಲಯಕ್ಕೋ ವೃದ್ಧಾಶ್ರಮಕ್ಕೋ ಕಳುಹಿಸುತ್ತಾರೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಇವುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ನಮ್ಮ ಚಾಳುಗಳ ಗೃಹಿಣಿಯರು ಒಂದು ಸತ್ಯವನ್ನು ಬಲ್ಲರು: ಗಟ್ಟಿಯಾಗಿರುವ ಸೀರೆ ಭಾಂಡಿವಾಲಿಯ ಬುಟ್ಟಿಗೆ ಹೋಗಿ ಅದರ ಬದಲಿಗೆ ಸ್ಟೀಲಿನ ಡಬ್ಬಿಯೊಂದು ಮನೆಗೆ ಬರುತ್ತದೆ, ಅವಳೂ ಬೇಡವೆಂದು ತಳ್ಳಿದ ಸೀರೆ ದಾನದ ಪೆಟ್ಟಿಗೆಗೆ ಹೋಗುತ್ತದೆ! ನಮಗೆ ಬೇಡವಾದುದನ್ನು ಕೊಡುವುದಕ್ಕೂ ಇನ್ನೊಬ್ಬರಿಗೆ ಬೇಕಾದುದನ್ನು ಕೊಡುವುದಕ್ಕೂ ಇರುವ ಅಂತರವನ್ನು ಹಬ್ಬದ ಉತ್ಸಾಹದಲ್ಲಿ ನಾವು ಮರೆಯುತ್ತೇವೆ.

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಬಾಲಕ ಬಾಲಕಿಯರಲ್ಲಿ ಕೆಲವರು ಔದ್ಯೋಗಿಕ ತರಬೇತಿ ಸಂಸ್ಥೆಗಳನ್ನು, ಅಂದರೆ ಐ.ಟಿ.ಐ.ಗಳನ್ನು ಸೇರುತ್ತಾರೆ. ಕುಶಲಕರ್ಮಿಗಳ ತರಬೇತಿಗಾಗಿ ಭಾರತ ಸರಕಾರವು 1950ರಲ್ಲಿ ಆರಂಭಿಸಿದ ಯೋಜನೆಯಿಂದ ಬೆಳೆದುಬಂದ ಈ ಸಂಸ್ಥೆಗಳಲ್ಲಿ ವಿದ್ಯುತ್ ಕೆಲಸಕ್ಕೂ ಫಿಟ್ಟರ್ ಕೆಲಸಕ್ಕೂ ಎರಡು ವರ್ಷ, ಹೊಲಿಗೆ, ಬೆಸುಗೆ, ನಲ್ಲಿಕೆಲಸಗಳಿಗೆ ಒಂದು ವರ್ಷದ ಶಿಕ್ಷಣ ಉಂಟು. ಅಲ್ಲಿ ಓದುವ ಹುಡುಗನ ಜೇಬಿನಲ್ಲಿ ದಾನ ಮಾಡುವಷ್ಟು ಹಣವಿರುವುದಿಲ್ಲ. ಅನೇಕ ವೇಳೆ ಅವನ ಮನೆಯೇ ದಾನದ ಪೆಟ್ಟಿಗೆಯ ಆಚೆಯ ಬದಿಯಲ್ಲಿರುತ್ತದೆ. ಹಾಗಿದ್ದರೆ ಹಬ್ಬದ ರಜೆಯಲ್ಲಿ ಅವನು ಸಮಾಜಕ್ಕೆ ಕೊಡಬಹುದಾದುದೇನು? ಈ ಪ್ರಶ್ನೆಯನ್ನು ನಾವಿಲ್ಲಿ ವಿಚಾರಿಸೋಣ.

ಇದಕ್ಕೆ ಈ ನಗರದ ಒಂದು ಹಳೆಯ ದೃಷ್ಟಾಂತ ಸಹಾಯಕವಾಗಿದೆ. ಅದರ ನಾಯಕರಿಬ್ಬರೂ ಹುಟ್ಟಿದ್ದು ಕನ್ನಡನಾಡಿನಲ್ಲಿ ಎಂಬುದು ನಮ್ಮ ವಿದ್ಯಾರ್ಥಿಗಳು ಅರಿತಿರಬೇಕಾದ ಸಂಗತಿ. ಜಮಖಂಡಿಯಲ್ಲಿ 1873ರಲ್ಲಿ ಜನಿಸಿದ ವಿಠ್ಠಲ ರಾಮಜಿ ಶಿಂದೆಯವರು ಆಕ್ಸ್‌ಫರ್ಡಿನಲ್ಲಿ ಧರ್ಮಗಳ ಅಭ್ಯಾಸ ಮಾಡಿ ಬಂದು ಮುಂಬಯಿಯ ಪ್ರಾರ್ಥನಾ ಸಮಾಜದ ಪ್ರಚಾರಕರಾಗಿದ್ದರು. 1906ನೆಯ ಅಕ್ಟೋಬರ್ 18ರಂದು, ದೀಪಾವಳಿಯ ದಿನಗಳಲ್ಲಿ, ಪರಳದಲ್ಲಿ ಅವರು ದಲಿತ ವರ್ಗಗಳ ಮಿಷನ್ನಿನ ಮೊದಲನೆಯ ಶಾಲೆಯನ್ನು ಆರಂಭಿಸಿದರು. ಮಿಷನ್ನಿನ ಅಧ್ಯಕ್ಷರಾಗಿದ್ದವರು ಸರ್ ನಾರಾಯಣ ಚಂದಾವರಕರ್. ಉತ್ತರ ಕನ್ನಡದ ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ಇವರು ಆಗ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರು. ಊರೆಲ್ಲ ಹಣತೆ ಹಚ್ಚಿ ಫರಾಳ ಹಂಚುತ್ತಿದ್ದ ದಿನಗಳಲ್ಲಿ, ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟ ಮಕ್ಕಳಿಗೆ ಇವರು ಹಂಚಿದ್ದು ಮಿಠಾಯಿಯನ್ನಲ್ಲ, ಪಾಠವನ್ನು. ಅಕ್ಷರದ ಜೊತೆಗೆ ಹೊಲಿಗೆ, ಪುಸ್ತಕದ ರಟ್ಟು ಕಟ್ಟುವುದು ಮೊದಲಾದ ಕೈಕೆಲಸಗಳೂ ಮಿಷನ್ನಿನ ಕಾರ್ಯದಲ್ಲಿ ಸೇರಿದವು. ಶಿಂದೆಯವರ ಸೋದರಿ ಜನಾಬಾಯಿಯವರೂ ಈ ಕೆಲಸಕ್ಕೆ ನಿಂತರು. ಮುಂದೆ ಹುಬ್ಬಳ್ಳಿಯಲ್ಲಿಯೂ ಅದರ ಶಾಖೆಯಾಯಿತು. ಇದಕ್ಕೂ ಮೊದಲು, 1897ರಲ್ಲಿ, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಇಂತಹದೇ ಸಂಸ್ಥೆಯನ್ನು ಸ್ಥಾಪಿಸಿ ಓದಿನೊಡನೆ ಕಸಬಿನ ಶಿಕ್ಷಣವನ್ನೂ ಕೊಡಿಸಿದ್ದರು.

ಇಲ್ಲಿ ನಾವು ಗಮನಿಸತಕ್ಕದ್ದು ಇಷ್ಟು. ಆ ಹಿರಿಯರು ಕರುಣೆಯೆಂದರೆ ಕೈಗೆ ವಸ್ತುವನ್ನು ಕೊಡುವುದೆಂದು ತಿಳಿಯಲಿಲ್ಲ. ಕೈಗೆ ಕೆಲಸವನ್ನು ಕಲಿಸುವುದೆಂದು ತಿಳಿದರು. ಹಾಗೆ ಕಲಿತ ಕೈ ತಾನೂ ಒಂದು ದಿನ ಕೊಡುವ ಕೈಯಾಗಬಲ್ಲುದು. ಮುಂಬಯಿಯ ಕನ್ನಡಿಗರಿಗೆ ಇದು ಕೇಳಿ ತಿಳಿಯಬೇಕಾದ ಮಾತಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಮುಂದೆ ಬಂದವರು ನಮ್ಮ ಸಂಘ ಸಂಸ್ಥೆಗಳಲ್ಲಿ ಎಷ್ಟು ಮಂದಿ!

ಸ್ವಾತಂತ್ರ್ಯಾನಂತರ ವಿದ್ಯಾರ್ಥಿಗಳ ಸಮಾಜಸೇವೆಗೆ ಒಂದು ಕಟ್ಟುಪಾಡು ಬಂದುದು 1969ರಲ್ಲಿ. ಗಾಂಧೀಜಿಯವರ ಜನ್ಮಶತಾಬ್ದಿಯ ಆ ವರ್ಷ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಡನೆ ಆರಂಭವಾಯಿತು. ವರ್ಷಕ್ಕೆ 120 ಗಂಟೆಗಳ ಸೇವೆ, ಅದಲ್ಲದೆ ರಜೆಯಲ್ಲಿ ಏಳು ದಿನಗಳ ಶಿಬಿರ ಎಂಬುದು ಅದರ ಕ್ರಮ. ಇಂತಹ ಶಿಬಿರಗಳಲ್ಲಿ ರಸ್ತೆ ಗುಡಿಸುವುದು, ಗಿಡ ನೆಡುವುದು, ಮೆರವಣಿಗೆಯಲ್ಲಿ ಘೋಷಣೆ ಕೂಗುವುದು ಇವೇ ಹೆಚ್ಚಾಗಿ ನಡೆಯುತ್ತವೆ. ಗಿಡ ನೆಡಲು ಯಾರಾದರೂ ಸಾಕು. ಆದರೆ ಬೇರಿಂಗ್ ಬದಲಿಸಬಲ್ಲ ಹುಡುಗನ ಕೈಯಲ್ಲಿ ಪೊರಕೆಯನ್ನು ಮಾತ್ರ ಕೊಟ್ಟು ಕಳುಹಿಸುವುದು ಆ ವಿದ್ಯೆಗೆ ಮಾಡುವ ಅನ್ಯಾಯವೆಂದು ನಮಗೆ ತೋರುತ್ತದೆ.

ಈ ವಿಷಯದಲ್ಲಿ ನೆರೆಯ ಕೇರಳವು ಒಳ್ಳೆಯ ದಾರಿಯನ್ನು ಹಾಕಿಕೊಟ್ಟಿದೆ. ಅಲ್ಲಿನ ತಾಂತ್ರಿಕ ಕಾಲೇಜುಗಳ ಮತ್ತು ಪಾಲಿಟೆಕ್ನಿಕ್‌ಗಳ ಸೇವಾ ಯೋಜನೆಯ ವಿದ್ಯಾರ್ಥಿಗಳು ‘ಪುನರ್ಜನಿ’ ಎಂಬ ಹೆಸರಿನಿಂದ ಸರಕಾರಿ ಆಸ್ಪತ್ರೆಗಳಲ್ಲಿ ಶಿಬಿರ ಹೂಡುತ್ತಾರೆ. ಕೆಟ್ಟು ಮೂಲೆ ಸೇರಿದ ಮಂಚ, ಗಾಲಿಕುರ್ಚಿ, ಯಂತ್ರೋಪಕರಣಗಳನ್ನು ಬಿಚ್ಚಿ, ಬೆಸೆದು, ಬಣ್ಣ ಹಚ್ಚಿ ಮತ್ತೆ ರೋಗಿಗಳ ಉಪಯೋಗಕ್ಕೆ ಒದಗಿಸುತ್ತಾರೆ. 2018ರ ಮಹಾಪ್ರವಾಹದ ತರುವಾಯ ಅಲ್ಲಿನ ಐ.ಟಿ.ಐ. ವಿದ್ಯಾರ್ಥಿಗಳು ‘ನೈಪುಣ್ಯ ಕರ್ಮ ಸೇನೆ’ಯಾಗಿ ಕೆಸರು ತುಂಬಿದ ಮನೆಗಳಿಗೆ ಹೋಗಿ ವಿದ್ಯುತ್ತು, ನಲ್ಲಿ, ಬಾಗಿಲು ಕಿಟಕಿಗಳ ದುರಸ್ತಿ ಮಾಡಿದರು. ನಮ್ಮ ಮುಂಬಯಿಗೂ ಇಂತಹ ಅಗತ್ಯ ಹೊಸದಲ್ಲ. 2005ನೆಯ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಾಳಿಗೆಯ ಮನೆಗಳೆಲ್ಲ ಮುಳುಗಿದವು. ಅಂತಹ ಹೊತ್ತಿನಲ್ಲಿ ಮೊದಲ ದಿನ ಬೇಕಾದುದು ಅನ್ನ ಮತ್ತು ಕಂಬಳಿ, ನಿಜ. ಮೂರನೆಯ ದಿನ ಬೇಕಾದುದು ನೀರು ಕುಡಿದ ಸ್ವಿಚ್‌ಬೋರ್ಡನ್ನು ಬಿಚ್ಚಿ ನೋಡಿ, ಬದಲಿಸಬೇಕಾದುದನ್ನು ಬದಲಿಸಬಲ್ಲ ಮನುಷ್ಯ.

ಇನ್ನು ಕಸಬಿನ ಸೇವೆಯ ಒಳಗಿನ ತೊಡಕಿಗೆ ಬರೋಣ. ಹಳೆಯ ಅಂಗಿಯನ್ನು ದಾನವಿತ್ತರೆ, ಅದು ಎಷ್ಟೇ ಹರಕಲಾಗಿದ್ದರೂ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಕಸಬಿನ ದಾನ ಹಾಗಲ್ಲ. ಪುಕ್ಕಟೆ ಕೆಲಸವಲ್ಲವೇ, ಹೇಗಾದರೂ ನಡೆದೀತೆಂಬ ಭಾವನೆ ಒಂದು ಕ್ಷಣ ಮನಸ್ಸಿನಲ್ಲಿ ಸುಳಿದರೂ ಪರಿಣಾಮ ಘೋರವಾಗಬಹುದು. ಇದನ್ನು ಕೆಲವು ಉದಾಹರಣೆಗಳಿಂದ ವಿಶದಪಡಿಸುತ್ತೇವೆ.

ಒಂದು ಚಾಳಿನ ಕೋಣೆಯಲ್ಲಿ ದೀಪದ ಸ್ವಿಚ್ಚು ಕೆಟ್ಟಿದೆಯೆನ್ನೋಣ. ಕೋಣೆಗೆ ಬರುವ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಸ್ವಿಚ್ಚನ್ನು ಫೇಸ್ ತಂತಿಯಲ್ಲಿಯೇ ಕೂಡಿಸತಕ್ಕದ್ದು. ತಪ್ಪಿ ನ್ಯೂಟ್ರಲಿನಲ್ಲಿ ಕೂಡಿಸಿದರೂ ದೀಪ ಹತ್ತುತ್ತದೆ, ಆರುತ್ತದೆ. ನೋಡುವವರಿಗೆ ಯಾವ ವ್ಯತ್ಯಾಸವೂ ಕಾಣದು. ಆದರೆ ಸ್ವಿಚ್ಚು ಆರಿಸಿದ ಮೇಲೆಯೂ ದೀಪದ ಹೋಲ್ಡರಿನಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಮನೆಯ ಅಜ್ಜಿ ಸ್ಟೂಲು ಹತ್ತಿ ಬಲ್ಬು ಬದಲಿಸಹೋದ ದಿನ ಆ ಸೇವೆಯ ಬೆಲೆ ತಿಳಿಯುತ್ತದೆ. ಮೂರು ಕಡ್ಡಿಗಳ ಪ್ಲಗ್ಗಿನಲ್ಲಿ ಮೇಲಿನ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದನ್ನು ವಿದ್ಯಾರ್ಥಿಗಳು ಕಂಡಿರಬಹುದು. ವಿದ್ಯುತ್ತು ಹರಿಯುವ ಮೊದಲೇ ಭೂಸಂಪರ್ಕ, ಅಂದರೆ ಅರ್ಥಿಂಗ್, ಕೂಡಿಕೊಳ್ಳಲೆಂದೇ ಈ ರಚನೆ. ಚಿಕ್ಕ ಮನೆಗಳಲ್ಲಿ ಆ ಹಸುರು ತಂತಿಯನ್ನೇ ಕತ್ತರಿಸಿ, ಎರಡು ಕಡ್ಡಿಗಳ ಪ್ಲಗ್ಗಿನಿಂದ ರೆಫ್ರಿಜರೇಟರನ್ನು ನಡೆಸುವುದು ಬಹು ಸಾಮಾನ್ಯ. ಸೇವೆಗೆ ಹೋದ ಹುಡುಗ ಕೆಟ್ಟ ಸ್ವಿಚ್ಚನ್ನು ಮಾತ್ರ ಬದಲಿಸಿ ಇದನ್ನು ನೋಡಿಯೂ ನೋಡದಂತೆ ಬಂದರೆ ಅವನ ಕೆಲಸ ಅರ್ಧವೂ ಆಗಲಿಲ್ಲ. ವಿದ್ಯುತ್ತು ಎಲ್ಲಿಯಾದರೂ ಸೋರಿದರೆ ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಉಪಕರಣ ಇಂದು ದೊರೆಯುತ್ತದೆ. ಮನೆಗಳಿಗಾಗಿ ಇರುವುದು 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿದುಬಿಡುತ್ತದೆ. ಹತ್ತು ಕುಟುಂಬಗಳಿಗೆ ಮಿಠಾಯಿ ಹಂಚುವ ಹಣದಿಂದ ಒಂದು ಕುಟುಂಬಕ್ಕೆ ಇದನ್ನು ಹಾಕಿಸಿಕೊಡುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಆದರೆ ಮುಖ್ಯ ಬೋರ್ಡಿನ ಕೆಲಸಕ್ಕೆ ಪರವಾನಗಿ ಪಡೆದ ಶಿಕ್ಷಕರೋ ವೈರ್‌ಮನ್ನರೋ ಎದುರಿಗೆ ಇರಲೇಬೇಕು. ವಿದ್ಯಾರ್ಥಿಯು ಒಬ್ಬನೇ ಅದನ್ನು ಮುಟ್ಟತಕ್ಕದ್ದಲ್ಲ.

ಫ್ಯಾನಿನ ಮಾತೂ ಹೀಗೆಯೇ. ಗುಂಯ್ ಎನ್ನುತ್ತ ತಿರುಗಲಾರದ ಫ್ಯಾನಿನಲ್ಲಿ ಬಹುಮಟ್ಟಿಗೆ ಕೆಟ್ಟಿರುವುದು ಸುಮಾರು 2.5 ಮೈಕ್ರೋಫ್ಯಾರಡ್‌ನ ಒಂದು ಚಿಕ್ಕ ಕೆಪ್ಯಾಸಿಟರ್. ಅದನ್ನು ಬದಲಿಸುವುದು ಕಾಲು ಗಂಟೆಯ ಕೆಲಸ. ಆದರೆ ಫ್ಯಾನನ್ನು ಇಳಿಸಿ ಮತ್ತೆ ತೂಗುಹಾಕುವಾಗ ಸರಳಿನ ಬೋಲ್ಟಿಗೆ ಸ್ಪ್ಲಿಟ್ ಪಿನ್ ಎಂಬ ಸೀಳುಕಡ್ಡಿಯನ್ನು ತೂರಿಸಿ ಅದರ ಕಾಲುಗಳನ್ನು ಅಗಲಿಸಬೇಕು. ಅದೊಂದು ಮರೆತರೆ ಬೋಲ್ಟು ದಿನದಿನಕ್ಕೆ ಸಡಿಲವಾಗಿ, ತಿಂಗಳುಗಳ ನಂತರ, ಕೆಳಗೆ ಮಲಗಿದವರ ಮೇಲೆ ಫ್ಯಾನು ಬೀಳಬಹುದು. ಕೆಲವೇ ಪೈಸೆ ಬಾಳುವ ಆ ಕಡ್ಡಿಯನ್ನು ಯಾರೂ ಎದ್ದು ನೋಡುವುದಿಲ್ಲ. ಹಾಕಿದವನಿಗೆ ಮಾತ್ರ ಗೊತ್ತು. ಆದುದರಿಂದ ಸೇವೆಯ ಕೆಲಸವನ್ನು ಪರೀಕ್ಷೆಯ ಕೆಲಸದಂತೆಯೇ ಶಿಕ್ಷಕರು ತಪಾಸಣೆ ಮಾಡಬೇಕು, ಪಟ್ಟಿಯಲ್ಲಿ ಬರೆದು ಸಹಿ ಹಾಕಬೇಕು. ಹಣ ಕೊಟ್ಟ ಗಿರಾಕಿ ಕೆಲಸ ಕೆಟ್ಟರೆ ಬಂದು ಜಗಳವಾಡುತ್ತಾನೆ. ದಾನ ಪಡೆದವನು ಸಂಕೋಚದಿಂದ ಸುಮ್ಮನಿರುತ್ತಾನೆ. ಅವನ ಪರವಾಗಿ ಜಗಳವಾಡುವವರು ಶಿಕ್ಷಕರೇ ಆಗಬೇಕಲ್ಲದೆ ಬೇರೆ ಯಾರು?

ಹೊಲಿಗೆ ಕಲಿಯುವ ಹುಡುಗಿಯರಿಗೂ ಈ ನಗರದಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಪರಳದ ಟಾಟಾ ಸ್ಮಾರಕ ಆಸ್ಪತ್ರೆಗೆ 1941ರಿಂದಲೂ ದೇಶದ ಮೂಲೆಮೂಲೆಗಳಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಔಷಧದ ಉಗ್ರತೆಯಿಂದ ತಲೆಗೂದಲು ಉದುರಿದವರಿಗೆ ಮೃದುವಾದ ಹತ್ತಿಬಟ್ಟೆಯ ಟೊಪ್ಪಿಗೆ ಬೇಕು. ಸಾಧಾರಣ ಟೊಪ್ಪಿಗೆಯ ಹೊಲಿಗೆ ಒಳಬದಿಗೆ ಇರುತ್ತದೆ. ಅದು ಎಳೆಯ ಚರ್ಮಕ್ಕೆ ತಾಗಿ ಉರಿಯುತ್ತದೆ. ಹೊಲಿಗೆಯನ್ನು ಹೊರಬದಿಗೆ ಮಡಿಸಿ ಮೇಲೊಂದು ಪಟ್ಟಿ ಕೊಟ್ಟರೆ ನೋವಿಲ್ಲ. ಇದು ಪುಸ್ತಕದಿಂದ ಹೊಳೆಯುವ ಸಂಗತಿಯಲ್ಲ. ಧರಿಸುವವರನ್ನು ಕೇಳಿದರೆ ಮಾತ್ರ ತಿಳಿಯುತ್ತದೆ. ಊರುಗೋಲಿನ ತುದಿಯ ರಬ್ಬರಿನ ವಿಷಯವೂ ಹಾಗೆಯೇ. ಅದು ಸವೆದರೆ ಒದ್ದೆ ನೆಲದಲ್ಲಿ ಗೋಲು ಜಾರುತ್ತದೆ. ಹೊಸ ಊರುಗೋಲನ್ನು ವೇದಿಕೆಯ ಮೇಲೆ ದಾನ ಮಾಡಿ ಭಾವಚಿತ್ರ ತೆಗೆಸಿಕೊಳ್ಳುವವರು ಹಲವರು. ಹಳೆಯದರ ರಬ್ಬರನ್ನು ಬದಲಿಸಿಕೊಡುವವರು ಯಾರು?

ಕೇಳುವುದು ಎಂದೆವು. ಅದರಲ್ಲಿಯೂ ಒಂದು ಮರ್ಯಾದೆ ಉಂಟು. “ನಿಮ್ಮ ಮನೆಯಲ್ಲಿ ಏನು ಕೆಟ್ಟಿದೆ?” ಎಂದು ಹತ್ತು ಮಂದಿ ಒಮ್ಮೆಲೆ ಬಾಗಿಲಲ್ಲಿ ನಿಂತರೆ ಮನೆಯೊಡತಿಗೆ ತನ್ನ ಬಡತನವನ್ನೇ ತೋರಿಸಿಕೊಟ್ಟಂತೆ ಆಗುತ್ತದೆ. ಇಬ್ಬರು ಸಾಕು. ರಜೆಗೆ ಹದಿನೈದು ದಿನ ಮೊದಲೇ ಹೋಗಿ, “ಅಮ್ಮಾ, ನಾವು ವಿದ್ಯುತ್ ಕೆಲಸ ಕಲಿಯುತ್ತಿದ್ದೇವೆ, ನಿಮ್ಮ ಮನೆಯಲ್ಲಿ ಅಭ್ಯಾಸ ಮಾಡಲು ಅವಕಾಶ ಕೊಡುವಿರಾ?” ಎಂದು ವಿನಯದಿಂದ ಕೇಳಲಿ. ಇದು ಬರಿಯ ಉಪಚಾರದ ಮಾತಲ್ಲ, ವಾಸ್ತವವೂ ಹೌದು: ಶಾಲೆಯ ಮಾದರಿ ಬೋರ್ಡಿನಲ್ಲಿ ಎಲ್ಲ ತಂತಿಗಳೂ ನೆಟ್ಟಗಿರುತ್ತವೆ, ನಲವತ್ತು ವರ್ಷದ ಹಳೆಯ ಚಾಳಿನಲ್ಲಿ ಹಾಗಿರುವುದಿಲ್ಲ. ಕಲಿಸಿದ ಮನೆಗೂ ಕಲಿತ ಹುಡುಗನಿಗೂ ಋಣ ಸಮವಾಗುತ್ತದೆ. ಬಿಡಿಭಾಗದ ಬೆಲೆಯನ್ನು ಕೊಡುತ್ತೇವೆಂದು ಮನೆಯವರು ಹೇಳಿದರೆ ಬೇಡವೆನ್ನಬಾರದು. ಅವರ ಅಭಿಮಾನವೂ ಮನೆಯ ಆಸ್ತಿಯೇ. ಕೊಡಲಾರದವರಿಗಾಗಿ ಸಂಸ್ಥೆಯಲ್ಲಿ ಒಂದು ಚಿಕ್ಕ ನಿಧಿ ಇರಲಿ.

ಕೆಲಸ ಮುಗಿದ ಮನೆಗಳ ಪಟ್ಟಿಯನ್ನು ಎಸೆಯದೆ ಜೋಪಾನವಾಗಿ ಇರಿಸತಕ್ಕದ್ದು. ದೀಪಾವಳಿಯಲ್ಲಿ ಒಣಗಿದ್ದ ಗೋಡೆ ಆಷಾಢದಲ್ಲಿ ಒಣಗಿರುವುದಿಲ್ಲ. ತಂತಿಯ ದೋಷವೆಲ್ಲ ಹೊರಬೀಳುವುದು ಮಳೆಗಾಲದಲ್ಲಿ. ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನ, ಅದೇ ಇಬ್ಬರು ಅದೇ ಪಟ್ಟಿಯೊಡನೆ ಅದೇ ಬಾಗಿಲುಗಳನ್ನು ಮತ್ತೊಮ್ಮೆ ತಟ್ಟಬೇಕು. ಆಗ ಹಬ್ಬವೂ ಇರುವುದಿಲ್ಲ, ಭಾವಚಿತ್ರ ತೆಗೆಯುವವರೂ ಇರುವುದಿಲ್ಲ. ಸ್ವಿಚ್‌ಬೋರ್ಡಿನ ಹಿಂದಿನ ಗೋಡೆ ತೇವವಾಗಿದೆಯೇ, ಹಸುರು ತಂತಿ ಇದ್ದಲ್ಲಿಯೇ ಇದೆಯೇ, ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ಒತ್ತಿದರೆ ಸಂಪರ್ಕ ಕಡಿಯುತ್ತದೆಯೇ, ಫ್ಯಾನಿನ ಸೀಳುಕಡ್ಡಿ ಸ್ಥಳದಲ್ಲಿದೆಯೇ ಎಂಬ ನಾಲ್ಕನ್ನೂ ನೋಡಿ, ಪಟ್ಟಿಯಲ್ಲಿ ತಾರೀಖು ಬರೆದುಕೊಂಡು ಬರಬೇಕು.