ಹೋರಿ ಸಾಕಿದವರ ದತ್ತಿಹಣ

ಮಗೂ, ಪಶುವೈದ್ಯಕೀಯ ಕಾಲೇಜಿನಲ್ಲಿ ನಿನಗೆ ದತ್ತಿ ವಿದ್ಯಾರ್ಥಿವೇತನ ಸಿಕ್ಕಿತೆಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷವಾಯಿತು. ಹಳ್ಳಿಕಾರ್ ಹೋರಿ ಸಾಕಿ ಹೆಸರು ಮಾಡಿದ ರೈತರೊಬ್ಬರು ಬಿಟ್ಟುಹೋದ ಹಣವಂತೆ. ಅದಕ್ಕೇ ಒಂದೆರಡು ಮಾತು.

ಮೊದಲು ವ್ಯವಹಾರ. ದತ್ತಿಯ ಅಸಲು ಬ್ಯಾಂಕಿನಲ್ಲೇ ಇರುತ್ತದೆ, ನಿನ್ನ ಕೈಗೆ ಬರುವುದು ಬಡ್ಡಿ ಮಾತ್ರ. ಬಡ್ಡಿ ದರ ಇಳಿದರೆ ಮೊತ್ತವೂ ಇಳಿದೀತು. ಹಾಸ್ಟೆಲ್ ಖರ್ಚಿಗೆ ಇದೊಂದನ್ನೇ ನೆಚ್ಚಿ ಕೂರಬೇಡ. ಸರ್ಕಾರದ ವಿದ್ಯಾರ್ಥಿವೇತನದ ಜೊತೆಗೆ ಇದನ್ನೂ ಪಡೆಯಬಹುದೇ, ಒಂದು ವಿಷಯ ಉಳಿದರೆ ಮುಂದಿನ ವರ್ಷ ನಿಂತುಹೋಗುತ್ತದೆಯೇ? ನಿಯಮಗಳ ಪ್ರತಿ ಕೇಳಿ ಓದಿಕೋ. ಕಚೇರಿಯಲ್ಲಿ ಕೇಳಲು ಸಂಕೋಚ ಬೇಡ.

ಇನ್ನು ಆ ಹಣದ ಹಿಂದಿನ ಕಸುಬು. ಉದ್ದ ಮುಖ, ಬಿಗಿ ಮೈ, ಗಟ್ಟಿ ಗೊರಸು, ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ತುದಿಯಲ್ಲಿ ಮುಂದಕ್ಕೆ ತಿರುಗುವ ಕೊಂಬು: ಬೀಜದ ಹೋರಿಯಲ್ಲಿ ಕಣ್ಣಿಗೆ ಕಾಣುವುದು ಇಷ್ಟು. ಅದರ ನಿಜವಾದ ಗುಣ ತಿಳಿಯಲು ಅದು ಬೆಳೆದು ಹಸುಗಳಿಗೆ ಹಾಯಬೇಕು, ಒಂಬತ್ತು ತಿಂಗಳು ಕಳೆದು ಕರು ಹುಟ್ಟಬೇಕು, ಆ ಕರು ನೊಗಕ್ಕೆ ಬರಬೇಕು. ಏಳೆಂಟು ವರ್ಷದ ಮಾತು. ಅಲ್ಲಿಯವರೆಗೆ ಹುರುಳಿ, ಹಿಂಡಿ, ರಾಗಿಹುಲ್ಲು ಹಾಕುತ್ತಲೇ ಇರಬೇಕು. ಟ್ರ್ಯಾಕ್ಟರ್ ಬಂದು ಉಳುವ ಎತ್ತಿಗೆ ಬೇಡಿಕೆ ಕುಸಿದ ಮೇಲೂ ಹೀಗೆ ಸಾಕಿದವರಿದ್ದಾರೆ. ಅಮೃತ ಮಹಲ್ ತಳಿಗೆ ಮೈಸೂರು ಅರಸರ ಆಸರೆಯಿತ್ತು, ಮೇಯಲು ಕಾವಲುಗಳಿದ್ದವು, ಈಗಲೂ ಅಜ್ಜಂಪುರದಲ್ಲಿ ಸರ್ಕಾರದ ತಳಿ ಸಂವರ್ಧನಾ ಕೇಂದ್ರವಿದೆ. ಹಳ್ಳಿಕಾರ್ ಉಳಿದದ್ದು ಹೆಚ್ಚಾಗಿ ರೈತರ ಕೊಟ್ಟಿಗೆಯಲ್ಲಿ. 2000ದಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ಚಿತ್ರದ ಅಂಚೆಚೀಟಿ ತಂದಾಗ ಆ ಗೌರವ ಅವರಿಗೂ ಸಂದಿತೆಂದೇ ನನ್ನ ಭಾವನೆ.

ಆದ್ದರಿಂದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗು, ಬೆಳಿಗ್ಗೆಯೇ ಹೋಗು. ವಯಸ್ಸಾದವರೊಬ್ಬರು ಹೋರಿಯ ತುಟಿ ಬಿಡಿಸಿ ಹಲ್ಲು ನೋಡುವಾಗ ಪಕ್ಕದಲ್ಲಿ ನಿಲ್ಲು. ನಿನ್ನ ಪುಸ್ತಕದಲ್ಲಿ ಬಾಚಿಹಲ್ಲು ಬರುವ ವಯಸ್ಸಿನ ಪಟ್ಟಿ ಇದೆಯಲ್ಲ, ಅದನ್ನೇ ಅವರು ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದು ತಟ್ಟನೆ ಹೇಳಿಬಿಡುತ್ತಾರೆ. ಆಮೇಲೆ ನಾಲ್ಕು ಹೆಜ್ಜೆ ನಡೆಸಿ ಕಾಲಿನ ಓಟ ನೋಡುತ್ತಾರೆ. ಸುಳಿ ನೋಡಿ ಮನೆಗೆ ಒಳ್ಳೆಯದು, ಕೆಟ್ಟದ್ದು ಎಂದರೆ ನೀನು ನಂಬಬೇಕಿಲ್ಲ, ನಗಲೂ ಬಾರದು. ಸುಳಿಯ ಮಾತಾಡಿದವರೇ ಮರುಗಳಿಗೆ ‘ಇದರ ತಾಯಿ ಯಾರ ಮನೆಯದು, ಯಾವ ಹೋರಿಗೆ ಹುಟ್ಟಿದ್ದು’ ಎಂದು ಕೇಳುತ್ತಾರೆ. ನೀನು ತಳಿಶಾಸ್ತ್ರದ ತರಗತಿಯಲ್ಲಿ ಕಲಿಯುವುದೂ ಅದನ್ನೇ. ಎಷ್ಟೋ ಕೊಟ್ಟಿಗೆಗಳ ವಂಶಾವಳಿ ಹೀಗೆ ಹಿರಿಯರ ಬಾಯಲ್ಲಷ್ಟೇ ಉಳಿದಿದೆ. ಒಂದು ನೋಟ್‌ಬುಕ್ ಇಟ್ಟು ಬರೆದುಕೋ. ಒಂದೇ ಹೋರಿ ಊರಲ್ಲಿ ಬಹಳ ವರ್ಷ ಉಳಿದು ತನ್ನ ಹೆಣ್ಣುಕರುಗಳಿಗೇ ಹಾಯ್ದರೆ ತಳಿ ಸೊರಗುತ್ತದೆ. ಅದನ್ನು ತಡೆಯಲು ಈ ಬರಹವೇ ಬೇಕು, ನಾಳೆ ನೀನು ವೀರ್ಯದ ಕಡ್ಡಿ ಹಿಡಿದು ಹಳ್ಳಿಗೆ ಹೋದಾಗಲೂ.

ದಾನಿಯ ಮನೆಯವರಿಗೆ ವರ್ಷಕ್ಕೊಮ್ಮೆ ಕಾಗದ ಬರೆ. ಅಂಕಪಟ್ಟಿಯ ಪ್ರತಿ ಕಳಿಸಿ ಸುಮ್ಮನಾಗಬೇಡ. ಆ ವರ್ಷ ಯಾವ ಕಾಯಿಲೆ ನೋಡಿದೆ, ಯಾವ ಹೆರಿಗೆಗೆ ಕೈಹಾಕಿದೆ ಎಂದು ತಿಳಿಸು. ಅವರ ಹಟ್ಟಿಯ ಹಸುಗಳ ಸಂತತಿ ಈಗ ಯಾರ್ಯಾರ ಮನೆಯಲ್ಲಿದೆ ಎಂದು ಕೇಳು. ಬಾ ಎಂದು ಕರೆದರೆ ರಜೆಯಲ್ಲಿ ಹೋಗಿ ಬಾ, ನೋಟ್‌ಬುಕ್ ಮರೆಯಬೇಡ.