ಮೇಲಿನ ಮನೆಯ ನೀರು, ಎಲ್ಲರ ಎಕ್ಸೆಸ್



ಇಂಗ್ಲೆಂಡಿನಲ್ಲಿ ಲೀಸ್‌ಹೋಲ್ಡ್ ಫ್ಲ್ಯಾಟ್ ಕೊಂಡಿದ್ದೀಯೆ, ಸಂತೋಷ. ಮುಂದೊಂದು ದಿನ ಸೀಲಿಂಗಿನಲ್ಲಿ ಕಂದು ಬಣ್ಣದ ಕಲೆ ಮೂಡಿ ಸುಣ್ಣ ಉಬ್ಬಿದರೆ ನಮ್ಮವರ ಬಾಯಿಗೆ ಮೊದಲು ಬರುವ ಮಾತು ‘ಮೇಲಿನ ಮನೆಯವರು ಕಟ್ಟಿಕೊಡಲಿ’ ಎಂದೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇದೇ ಮಾತು. ಅಲ್ಲಿ ಅಸೋಸಿಯೇಷನ್ನಿನವರು ನಡುವೆ ಬಂದು ಹೇಗೋ ರಾಜಿ ಮಾಡಿಸುತ್ತಾರೆ. ನೀನಿರುವಲ್ಲಿ ಲೆಕ್ಕ ಬೇರೆ. ಇಡೀ ಕಟ್ಟಡಕ್ಕೆ ಸಾಮಾನ್ಯವಾಗಿ ಒಂದೇ ಪಾಲಿಸಿ. ಮಾಡಿಸುವವನು ಕಟ್ಟಡದ ಮಾಲೀಕನಾದ ಫ್ರೀಹೋಲ್ಡರ್, ಸರ್ವಿಸ್ ಚಾರ್ಜಿನ ಹೆಸರಿನಲ್ಲಿ ಪ್ರೀಮಿಯಂ ಕಟ್ಟುವವರು ನೀವು. ಕ್ಲೇಮಿನಲ್ಲಿ ವಿಮೆ ಕಂಪನಿ ಕೊಡದೆ ನಿಮ್ಮ ತಲೆಗೇ ಬಿಡುವ ಮೊದಲ ಭಾಗವೇ ಎಕ್ಸೆಸ್. ಬೇರೆ ಹಾನಿಗಳಿಗೆ ಕೆಲವು ನೂರು ಪೌಂಡಿರುವ ಈ ಮೊತ್ತ ನೀರಿನ ಸೋರಿಕೆಗೆ ಮಾತ್ರ 1,000, 2,500 ಪೌಂಡಿಗೆ ಏರಿರುವುದುಂಟು. ಪದೇ ಪದೇ ಸೋರಿದ ಕಟ್ಟಡಗಳಲ್ಲಿ ಇನ್ನೂ ಹೆಚ್ಚು. ಅಕ್ಕಪಕ್ಕದವರ ನಡುವೆ ಮಾತು ಬಿಡಿಸುವುದು ಈ ಮೊತ್ತವೇ.

ಯಾರದಾದರೂ ಅಜಾಗರೂಕತೆ ಸಾಬೀತಾಗದ ಹೊರತು ಎಕ್ಸೆಸ್ಸನ್ನು ಎಲ್ಲ ಮನೆಯವರೂ ಹಂಚಿಕೊಳ್ಳುವುದೇ ನ್ಯಾಯ ಎನ್ನುವುದು ನನ್ನ ಅಭಿಪ್ರಾಯ. ಮೊದಲು ಕಾನೂನನ್ನೇ ನೋಡು. ನೀರು ನಿನ್ನ ಮನೆಯಿಂದ ಇಳಿಯಿತು ಎಂದ ಮಾತ್ರಕ್ಕೆ ನೀನು ಹೊಣೆಗಾರನಾಗುವುದಿಲ್ಲ. 1913ರ ರಿಕರ್ಡ್ಸ್ ವಿರುದ್ಧ ಲೋಥಿಯನ್ ಪ್ರಕರಣದಲ್ಲಿ ಯಾರೋ ಕಿಡಿಗೇಡಿ ಮೇಲಂತಸ್ತಿನ ಬೇಸಿನ್ನಿನ ಕೊಳವೆ ಮುಚ್ಚಿ ನಲ್ಲಿ ತಿರುಗಿಸಿಟ್ಟಿದ್ದ. ಕೆಳಗಿನ ಬಾಡಿಗೆದಾರನ ಸರಕೆಲ್ಲ ನೆನೆಯಿತು. ಮೇಲ್ಮನವಿ ಕೇಳಿದ ಪ್ರಿವಿ ಕೌನ್ಸಿಲ್ ಅವನಿಗೆ ಜಾಗ ಬಾಡಿಗೆಗೆ ಕೊಟ್ಟವನನ್ನು ಹೊಣೆ ಮಾಡಲಿಲ್ಲ. ಮನೆಗಳಿಗೆ ಕೊಳವೆಯಲ್ಲಿ ನೀರು ಹರಿಸುವುದು ಸಹಜ ಬಳಕೆ ಎಂದಿತು. ಫ್ಲ್ಯಾಟುಗಳಿಗೆ ನೀರು ಒಯ್ಯುವ ಕೊಳವೆ ಒಡೆದ ಟ್ರಾನ್ಸ್‌ಕೋ ಪ್ರಕರಣದಲ್ಲಿ, 2003ರಲ್ಲಿ, ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಕೂಡ ಅದೇ ಹಾದಿ ಹಿಡಿಯಿತು. ಹಾಗಾಗಿ ಗೋಡೆಯೊಳಗಿನ ಪೈಪಿನ ಜಾಯಿಂಟ್ ಯಾವ ಸೂಚನೆಯೂ ಇಲ್ಲದೆ ಬಿಟ್ಟುಕೊಂಡರೆ ಮೇಲಿನವರಿಂದ ವಸೂಲಿ ಮಾಡುವುದು ಕಷ್ಟ. ಕೆಳಗಿನವರು ‘ನಿಮ್ಮ ಬಚ್ಚಲಿನ ಕೆಳಗೆ ತೇವ ಕಾಣುತ್ತಿದೆ’ ಎಂದು ಈಮೇಲ್ ಹಾಕಿದ ಮೇಲೂ ಪ್ಲಂಬರನ್ನು ಕರೆಸದೆ ಕೂತರೆ ಮಾತ್ರ ಕಥೆ ಬದಲಾಗುತ್ತದೆ. ಗೊತ್ತಿದ್ದೂ ಸುಮ್ಮನಿದ್ದವನನ್ನು ಯಾವ ನ್ಯಾಯಾಲಯವೂ ಸುಲಭವಾಗಿ ಬಿಡುವುದಿಲ್ಲ.

ಇನ್ನು ಲೆಕ್ಕ. 40 ಫ್ಲ್ಯಾಟುಗಳ ಕಟ್ಟಡ, 3,000 ಪೌಂಡಿನ ರಿಪೇರಿ, 2,500ರ ಎಕ್ಸೆಸ್ ಎಂದಿಟ್ಟುಕೋ. ವಿಮೆಯಿಂದ ಬರುವುದು 500 ಮಾತ್ರ. ಉಳಿದದ್ದನ್ನು ಸಮನಾಗಿ ಹಂಚಿದರೆ ತಲಾ 62.50 ಪೌಂಡ್; ಒಬ್ಬನ ಮೇಲೆ ಹೊರಿಸಿದರೆ ಆ ಸಂಸಾರದ ತಿಂಗಳ ಬಜೆಟ್ಟೇ ಮುಗಿಯಿತು. ಎಕ್ಸೆಸ್ ಇಷ್ಟು ದೊಡ್ಡದಾದದ್ದು ಹೇಗೆ? ಪ್ರೀಮಿಯಂ ವಿಪರೀತ ಏರದಿರಲಿ ಎಂದೋ, ಇಡೀ ಕಟ್ಟಡದ ಹಳೆಯ ಕ್ಲೇಮುಗಳ ಕಾರಣಕ್ಕೋ. ಕಡಿಮೆ ಪ್ರೀಮಿಯಮ್ಮಿನ ಲಾಭ ಎಲ್ಲರಿಗೂ ಸೇರಿರುವಾಗ ಅದರ ಬೆಲೆಯನ್ನು ದುರದೃಷ್ಟಕ್ಕೆ ಸಿಕ್ಕಿದವನೊಬ್ಬನೇ ತೆರಬೇಕು ಎನ್ನುವುದು ಯಾವ ನ್ಯಾಯ?

ಹಂಚಿಕೊಂಡರೆ ಬೇಜವಾಬ್ದಾರಿಗೆ ಬಹುಮಾನ ಕೊಟ್ಟಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಹಗುರವಾದ ಆಕ್ಷೇಪವೇನಲ್ಲ. ಆದರೆ ಹಂಚಿಕೆ ಮೊದಲು, ವಸೂಲಿ ಆಮೇಲೆ ಎಂದಿಟ್ಟುಕೊಂಡರೆ ಎರಡಕ್ಕೂ ಜಾಗವಿದೆ: ತಪ್ಪು ಸಾಬೀತಾದವನಿಂದ ಆ ಹಣ ಕೇಳಬಹುದು. ಅವನ ಸ್ವಂತ ಮನೆ ವಿಮೆಯಲ್ಲಿ ಹೊಣೆಗಾರಿಕೆಯ ರಕ್ಷಣೆ ಇದ್ದರೆ ಅದೇ ಭರಿಸಲೂಬಹುದು. ನೆಲಮಹಡಿಯವರು ‘ನಮ್ಮ ನೀರು ಯಾರ ಮೇಲೂ ಬೀಳುವುದಿಲ್ಲ, ನಾವೇಕೆ ಕೊಡಬೇಕು?’ ಎನ್ನುತ್ತಾರೆ. ಅವರು ಎಂದೂ ಹತ್ತದ ಚಾವಣಿಯ ವಿಮೆಗೂ ಅವರೇ ಪಾಲು ಕೊಡುತ್ತಿದ್ದಾರೆ. ಮೇಲಿಂದ ನೀರಿಳಿದರೆ ಅವರ ಮನೆಯೂ ನೆನೆಯಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಕೊನೆಯ ಮಾತು ನಿನ್ನ ಲೀಸಿನದು. ಕೆಲವು ಲೀಸುಗಳು ಎಕ್ಸೆಸ್ಸನ್ನು ಸರ್ವಿಸ್ ಚಾರ್ಜಿಗೆ ಸೇರಿಸುತ್ತವೆ, ಕೆಲವು ಸೋರಿದ ಮನೆಯ ತಲೆಗೇ ಕಟ್ಟುತ್ತವೆ, ಎಷ್ಟೋ ಲೀಸುಗಳು ಆ ವಿಷಯವನ್ನೇ ಎತ್ತುವುದಿಲ್ಲ. ಬಾಯಿ ಬಿಡದ ಲೀಸೇ ಹೆಚ್ಚು ಜಗಳ ತರುತ್ತದೆ. ಆದ್ದರಿಂದ ಸೀಲಿಂಗ್ ಒಣಗಿರುವಾಗಲೇ ಅದನ್ನು ಓದು, ಅಸ್ಪಷ್ಟವಾಗಿದ್ದರೆ ನೆರೆಹೊರೆಯವರೊಡನೆ ಸೇರಿ ಮ್ಯಾನೇಜಿಂಗ್ ಏಜೆಂಟರಿಂದ ಲಿಖಿತ ಉತ್ತರ ಕೇಳು. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯಡಿ ಬರೆದು ಕೇಳಿದರೆ ವಿಮೆಯ ಸಾರಾಂಶವನ್ನು 21 ದಿನಗಳಲ್ಲಿ ಕೊಡಬೇಕು. ಅದರಲ್ಲಿ ನೀರಿನ ಎಕ್ಸೆಸ್ ಎಷ್ಟೆಂದು ಇಲ್ಲದಿದ್ದರೆ ಪಾಲಿಸಿಯನ್ನೇ ತೋರಿಸಲು ಹೇಳು. ಸೋರುವ ಜಾಗ ಹುಡುಕಲು ಗೋಡೆ, ನೆಲ ಒಡೆಯುವ ಖರ್ಚು ಅದರಲ್ಲಿ ಸೇರಿದೆಯೇ ಎಂದೂ ನೋಡು. ಹಾಗೆಯೇ ಬಾತ್‌ಟಬ್ಬಿನ ಅಂಚಿನ ಸೀಲಂಟ್ ಬಿರುಕು ಬಿಟ್ಟಿದ್ದರೆ ಈ ವಾರವೇ ಹಾಕಿಸಿಬಿಡು: ಸೀಲಂಟ್ ಸವೆದು ನೀರಿಳಿದ ಹಾನಿಗೆ ಎಷ್ಟೋ ಪಾಲಿಸಿಗಳು ಬಿಡಿಗಾಸೂ ಕೊಡುವುದಿಲ್ಲ.