ಗೇರ್ ಲಿವರ್ ಬದಲಿಸುವ ಮುನ್ನ

ಹಾನಗಲ್ಲ, ಹಿರೇಕೆರೂರು ಕಡೆಯ ಒಳರಸ್ತೆಗಳಲ್ಲಿ ರಸ್ತೆಯುಬ್ಬು, ತಿರುವು, ಗೋವಿನಜೋಳ ಹೇರಿದ ಟ್ರ್ಯಾಕ್ಟರ್‌ಗಳಿಂದಾಗಿ ಪದೇಪದೇ ಗೇರ್ ಬದಲಿಸಬೇಕಾಗುವುದರಿಂದ, ಶಿಗ್ಗಾಂವಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಮನಕ್ಕೇ ಬಾರದ ಲಿವರ್‌ನ ಸಡಿಲತನ ಇಲ್ಲಿ ಎದ್ದು ಕಾಣುತ್ತದೆ. ಆಗ ಶಾರ್ಟ್ ಶಿಫ್ಟರ್, ಅಂದರೆ ಲಿವರ್ ತಿರುಗುವ ಆನಿಕೆಯನ್ನು ಮೇಲಕ್ಕೆ ಸರಿಸಿ ಕೈಯ ಚಲನೆಯನ್ನು ಕುಗ್ಗಿಸುವ ಸಾಧನ, ಹಾಕಿಸುವ ಆಸೆ ಸಹಜವೇ. ಆದರೆ ಸನ್ನೆಯ ನಿಯಮದಂತೆ 100 ಮಿ.ಮೀ. ಚಲನೆ 75ಕ್ಕೆ ಇಳಿದರೆ ಬೇಕಾಗುವ ಬಲ ಸುಮಾರು ಮೂರರಲ್ಲೊಂದು ಪಾಲು ಏರುತ್ತದೆ, ಆತುರದಿಂದ ತಳ್ಳಿದರೆ ಗೇರುಗಳ ವೇಗವನ್ನು ಹೊಂದಿಸುವ ಸಿಂಕ್ರೊನೈಸರ್ ಉಂಗುರವೂ ಬೇಗ ಸವೆಯುತ್ತದೆ.

ಆದ್ದರಿಂದ ಮೊದಲು ನೋಡಬೇಕಾದುದು ಬುಷ್, ಅಂದರೆ ಲಿವರ್‌ನ ಬುಡದಲ್ಲಿಯೂ ಕೇಬಲ್ ಅಥವಾ ರಾಡಿನ ತುದಿಯಲ್ಲಿಯೂ ಕೂರುವ ರಬ್ಬರ್ ಇಲ್ಲವೇ ನೈಲಾನಿನ ಬಳೆ. ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು ಅಲ್ಲಾಡಿಸಿದಾಗ ರಾಡು ಕದಲದೆ ಲಿವರ್ ಮಾತ್ರ ಓಲಾಡಿದರೆ ಬಹುಪಾಲು ದೋಷ ಬುಷ್‌ನದೇ. ಅದನ್ನು ಬದಲಿಸಲು ಸವಣೂರಿನಂಥ ಊರಿನ ಅನುಭವಿ ಮೆಕ್ಯಾನಿಕ್ಕೇ ಸಾಕು, ಖರ್ಚೂ ಕಡಿಮೆ. ಆಮೇಲೂ ಹೊಸ ಲಿವರನ್ನೇ ಬಯಸುವವರು, ಎಲ್ಲ ಗೇರುಗಳೂ ಪೂರ್ತಿ ಕೂರುತ್ತವೆಯೇ, ರಿವರ್ಸ್ ತಡೆ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂಬುದನ್ನು ವಾಹನ ನಿಂತಿರುವಾಗಲೇ ಪರೀಕ್ಷಿಸಿ, ಹಳೆಯದನ್ನು ಜೋಪಾನವಾಗಿ ತೆಗೆದಿಡುವುದು ಲೇಸು.